ಕ್ಯಾಲಾ ಲಿಲ್ಲಿಯ ಹಳದಿ ಎಲೆ ಕತ್ತರಿಸಲು ಅವಸರ ಬೇಡ

ಫೆಬ್ರವರಿ ಮುಗಿಯುತ್ತಾ ಬಂದರೆ ಸಾಕು, ನನ್ನ ಫೋನಿಗೆ ಒಂದೇ ಥರದ ಫೋಟೊಗಳು ಬರುತ್ತವೆ. ಬಾಲ್ಕನಿ ಬಾಗಿಲ ಪಕ್ಕ ಕ್ಯಾಲಾ ಲಿಲ್ಲಿಯ ಕುಂಡ, ಅರ್ಧ ಹಳದಿಯಾಗಿ ಜೋತುಬಿದ್ದ ಎಲೆಗಳು. ಜೊತೆಗೆ ಒಂದು ಪ್ರಶ್ನೆ: "ಎಲ್ಲ ಕತ್ತರಿಸಿಬಿಡಲಾ?"

ಪುಣೆಯ ಕೋಥ್ರೂಡ್‌ನಲ್ಲಿರುವ ಧಾರವಾಡದ ಅಕ್ಕ ಒಬ್ಬರು ಹೋದ ವರ್ಷ ಕೇಳುವುದಕ್ಕೂ ಕಾಯಲಿಲ್ಲ. ಎಲ್ಲ ಎಲೆಗಳನ್ನೂ ಬುಡಕ್ಕೇ ಕತ್ತರಿಸಿದರು. "ಗುಲಾಬಿ ಕಟ್ ಮಾಡಿದ್ರ ಚಿಗೀತದಲ್ರಿ, ಇದೂ ಹಂಗ ಅಂತ ತಿಳ್ಕೊಂಡೆ" ಅಂದರು. ಈ ಚಳಿಗಾಲದಲ್ಲಿ ಅವರಿಗೆ ಸಿಕ್ಕಿದ್ದು ಮೂರು ಬಡಕಲು ಎಲೆ. ಹೂವಿನ ಸುಳಿವೇ ಇಲ್ಲ.

ಗುಲಾಬಿಗೆ ಕೊಂಬೆ ಇದೆ, ಕೊಂಬೆಯಲ್ಲಿ ಕಣ್ಣಿದೆ. ಕ್ಯಾಲಾಕ್ಕೆ ಕೊಂಬೆಯೇ ಇಲ್ಲ. ಪ್ರತಿ ಎಲೆಯೂ ಮಣ್ಣಿನೊಳಗಿನ ಗಡ್ಡೆಯಿಂದ ನೇರವಾಗಿ ಎದ್ದು ಬರುತ್ತದೆ. ಕತ್ತರಿಸಿದ ದಂಟಿನಿಂದ ಹೊಸದೇನೂ ಹುಟ್ಟುವುದಿಲ್ಲ. ಎಲೆ ಹಳದಿಯಾಗುವಾಗ ಅದರಲ್ಲಿದ್ದ ಸಾರ ಗಡ್ಡೆಗೆ ಇಳಿಯುತ್ತಿರುತ್ತದೆ. ಮುಂದಿನ ವರ್ಷದ ಹೂವಿಗೆ ಅದೇ ಬಂಡವಾಳ.

ಹೆಸರಲ್ಲಿ ಲಿಲ್ಲಿ ಇದ್ದರೂ ಇದು ಲಿಲ್ಲಿ ಅಲ್ಲ. ಆಫ್ರಿಕಾದ ದಕ್ಷಿಣ ಭಾಗದ ಈ ಗಿಡ ನಮ್ಮ ಕೆಸು, ಸುವರ್ಣಗಡ್ಡೆಯ ಬಳಗದ್ದು. ಪತ್ರೊಡೆ ಮಾಡುವವರಿಗೆ ಹುಣಸೆಹುಳಿ ಯಾಕೆ ಹಾಕಬೇಕು ಅಂತ ಹೇಳಬೇಕಾಗಿಲ್ಲ ಅಲ್ವಾ? ಅದೇ ತುರಿಕೆ ಇಲ್ಲೂ ಇದೆ. ಸೊನೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತವೆ. ಗ್ಲೌಸ್ ಹಾಕಿಕೊಳ್ಳಿ. ಕತ್ತರಿಸಿದ ತುಂಡುಗಳು ಬೆಕ್ಕು, ನಾಯಿ, ಮಕ್ಕಳ ಬಾಯಿಗೆ ಸಿಗದಿರಲಿ.

ಹೂದಂಟಿನ ಲೆಕ್ಕ ಬೇರೆ. ಹೂವು ಬಾಡಿದರೆ ತಡಮಾಡದೆ ಬುಡದ ಹತ್ತಿರ ಕತ್ತರಿಸಿ. ಬಿಟ್ಟರೆ ಬೀಜ ಕಟ್ಟುವುದಕ್ಕೆ ಸುಮ್ನೆ ಶಕ್ತಿ ಖರ್ಚು. ಬಿಳಿ ಹೂವು ಹಳೆಯದಾಗುತ್ತಾ ಹಸಿರಾದರೆ ಗಾಬರಿ ಬೇಡ, ಅದು ರೋಗವಲ್ಲ. ನಾವು ಹೂವು ಅನ್ನುವುದು ನಿಜವಾಗಿ ಸುರುಳಿ ಸುತ್ತಿದ ಒಂದು ಎಲೆ. ನಿಜವಾದ ಹೂಗಳು ಒಳಗಿನ ಹಳದಿ ಕಡ್ಡಿಯ ಮೇಲೆ ಒತ್ತೊತ್ತಾಗಿ ಕೂತಿರುತ್ತವೆ. ಹೂದಾನಿಗೆ ಬೇಕಾದರೆ ಎರಡೇ ಇಂಚು ನೀರು ಸಾಕು. ದಂಟು ಸ್ಪಂಜಿನ ಥರ, ಜಾಸ್ತಿ ನೀರಲ್ಲಿ ಕೊಳೆಯುತ್ತದೆ. ತುದಿ ಸೀಳಿ ಸುರುಳಿಯಾಗುವುದೂ ಉಂಟು. ಅಲ್ಲೊಂದು ಸುತ್ತು ಟೇಪ್ ಹಾಕಿ.

ಕತ್ತರಿಯ ವಿಷಯದಲ್ಲಿ ನಾನೇ ಒಮ್ಮೆ ಕೆಟ್ಟಿದ್ದೇನೆ. ಒಬ್ಬರ ಮನೆಯಲ್ಲಿ ಒಂದು ಕುಂಡದ ದಂಟು ಬುಡದಲ್ಲಿ ಲೋಳೆಯಾಗಿತ್ತು. ಅದನ್ನು ಕತ್ತರಿಸಿದ ಕತ್ತರಿಯಲ್ಲೇ ಪಕ್ಕದ ಎರಡು ಕುಂಡಗಳನ್ನೂ ಸವರಿದೆ. ಕೆಲವೇ ದಿನಗಳಲ್ಲಿ ಮೂರರಲ್ಲೂ ಕೊಳೆತ ವಾಸನೆ. ಗಡ್ಡೆಗಳು ಒತ್ತಿದರೆ ಗಂಜಿಯ ಹಾಗೆ. ಅದು ಬ್ಯಾಕ್ಟೀರಿಯಾದ ಕೊಳೆರೋಗ, ಒಮ್ಮೆ ಗಡ್ಡೆ ಹಿಡಿದರೆ ಉಳಿಯುವುದಿಲ್ಲ. ಅಂದಿನಿಂದ ಚೀಲದಲ್ಲಿ ಸ್ಪಿರಿಟ್ ಬಾಟಲಿ ಇಲ್ಲದೆ ಹೊರಡುವುದಿಲ್ಲ. ಪ್ರತಿ ಕುಂಡಕ್ಕೂ ಮುಂಚೆ ಕತ್ತರಿ ಒರೆಸುತ್ತೇನೆ.

ಹಾಗಾದರೆ ಎಲೆ ಯಾವಾಗ ತೆಗೆಯಬೇಕು? ಹೂವಿನ ಕಾಲ ಮುಗಿದು ಹಳದಿ ಶುರುವಾದರೆ ಗಡ್ಡೆ ನಿದ್ದೆಗೆ, ಅಂದರೆ ವಿಶ್ರಾಂತಿಗೆ, ಹೊರಟಿದೆ ಅಂತ. ಆಗ ನೀರು ಕಡಿಮೆ ಮಾಡುತ್ತಾ ಬನ್ನಿ. ಎಲೆ ಕಾಗದದ ಹಾಗೆ ಒಣಗಲಿ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಬಂದರೆ ಸರಿ, ಬಿಗಿಯಾಗಿದ್ದರೆ ಇನ್ನೊಂದು ವಾರ ಬಿಡಿ. ಎಲ್ಲ ಒಣಗಿದ ಮೇಲೆ ಇಂಚಿನಷ್ಟು ಬಿಟ್ಟು ಕತ್ತರಿಸಿ. ಆದರೆ ಡಿಸೆಂಬರ್‌ನಲ್ಲೇ, ಗಿಡ ಬೆಳೆಯುತ್ತಿರುವಾಗಲೇ ಹಳದಿಯಾದರೆ ಅದು ನಿದ್ದೆಯಲ್ಲ. ಮೊದಲು ಮಣ್ಣಿಗೆ ಬೆರಳು ಹಾಕಿ ನೋಡಿ, ಸಾಮಾನ್ಯವಾಗಿ ನೀರು ಜಾಸ್ತಿಯಾಗಿರುತ್ತದೆ.

ಬಣ್ಣದ ತಳಿಗಳು ಹೀಗೆ ಪೂರ್ತಿ ನಿದ್ದೆಗೆ ಹೋಗುತ್ತವೆ. ದೊಡ್ಡ ಬಿಳಿ ಕ್ಯಾಲಾ ತಂಪು, ತೇವ ಸಿಕ್ಕರೆ ವರ್ಷವಿಡೀ ಹಸಿರಾಗಿಯೇ ಇರಬಹುದು. ಅದರಲ್ಲಿ ಹಳೆಯ ಎಲೆ ಮಾತ್ರ ತೆಗೆದರೆ ಸಾಕು. ಮಲಗಿದ ಗಡ್ಡೆಗೆ ಪುಣೆಯ ಜೂನ್ ಮಳೆಯ ಎರಚಲೇ ವೈರಿ. ಕುಂಡವನ್ನು ಒಳಗೆ ಒಣ ಮೂಲೆಯಲ್ಲಿಡಿ. ಅಕ್ಟೋಬರ್‌ನಲ್ಲಿ ಹೊಸ ಮಣ್ಣಿಗೆ ಹಾಕುವಾಗ ಉಬ್ಬಿದ ಕಣ್ಣುಗಳು ಮೇಲ್ಮುಖವಾಗಿರಲಿ.

ಕೋಥ್ರೂಡ್‌ನ ಅಕ್ಕನ ಆ ಮೂರು ಎಲೆಗಳೂ ಈಗ ಹಳದಿಯಾಗುತ್ತಿವೆ. ನಿನ್ನೆ ಫೋನ್ ಮಾಡಿದ್ದರು. "ಕತ್ತರಿ ಫ್ರಿಜ್ ಮ್ಯಾಲ ಇಟ್ಟೀನ್ರಿ, ಕೈಗೆ ಸಿಗಬಾರ್ದು ಅಂತ."