ಕಿಡಿ ಬಿಡಿ, ಅದರಾಚೆಯ ಹೊಗೆ ನೋಡಿ

ಶಿವರಾತ್ರಿ ಹತ್ತಿರವಾದಂತೆ ತುಮಕೂರಿನ ವಾಟ್ಸಾಪ್ ಗುಂಪುಗಳಲ್ಲಿ ಬೆಟ್ಟ ಉರಿಯುವ ವಿಡಿಯೊಗಳು ಓಡಾಡಲು ಶುರು. ದೇವರಾಯನದುರ್ಗ, ಸಿದ್ಧರಬೆಟ್ಟ, ಮಧುಗಿರಿ ಕಡೆಯ ಗುಡ್ಡಗಳಲ್ಲಿ ಆ ಹೊತ್ತಿಗೆ ಬಾದೆ ಹುಲ್ಲು ಒಣಗಿ ನಿಂತಿರುತ್ತದೆ. ಒಂದು ಬೀಡಿ ತುಂಡು ಬಿದ್ದರೂ ಸಾಕು. ಜನ ವಿಡಿಯೊ ನೋಡಿ, ಅಯ್ಯೋ ಅಂದು, ಮುಂದಕ್ಕೆ ಕಳಿಸುತ್ತಾರೆ. ನನ್ನ ಕೆಲಸ ಅದನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡುವುದು. ಕಿಡಿ ಎತ್ತ ಹಾರಿತು, ಎಷ್ಟು ದೂರ ಹೋಯಿತು, ಬಿದ್ದ ಕಡೆ ಹೊತ್ತಿಕೊಂಡಿತಾ?

ಉಪಗ್ರಹ ಇದೆಯಲ್ಲ, ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಉಪಗ್ರಹ ಬೆಂಕಿ ಬಿದ್ದ ಜಾಗ ತೋರಿಸುತ್ತದೆ. ಅರಣ್ಯ ಇಲಾಖೆಗೆ ಎಚ್ಚರಿಕೆ ಬರುವುದೂ ಅದರಿಂದಲೇ. ಆದರೆ ಉಪಗ್ರಹದಲ್ಲಿದ್ದು ಬೆಂಕಿಯ ಕಾವು ಗುರುತಿಸುವ ವಿಐಐಆರ್‌ಎಸ್ ಉಪಕರಣ ಕೊಡುವ ಒಂದು ಚುಕ್ಕಿ ಎಂದರೆ ಸುಮಾರು 375 ಮೀಟರ್ ಅಗಲದ ಜಾಗ. ಅದೂ ದಿನಕ್ಕೆ ಕೆಲವೇ ಸಲ ಹಾದುಹೋಗುತ್ತದೆ. ಫೈರ್ ಲೈನ್, ಅಂದರೆ ಬೆಂಕಿ ಹಬ್ಬದಂತೆ ಹುಲ್ಲು ತೆಗೆದು ಬಿಟ್ಟ ಖಾಲಿ ಪಟ್ಟಿ, ಅದನ್ನು ದಾಟಿ ರಾಗಿ ಹುಲ್ಲಿನ ಬಣವೆ ಮೇಲೆ ಬಿದ್ದ ಕಿಡಿ ಅದಕ್ಕೆ ಕಾಣುವುದಿಲ್ಲ. ರಸ್ತೆ ಬದಿ ನಿಂತ ಹುಡುಗನ ಫೋನಿಗೆ ಕಾಣುತ್ತದೆ.

ಕಿಡಿಯನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರು ಸುಟ್ಟುಹೋಯಿತು. 85 ಜನ ಸತ್ತರು, 18,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಮುಖ್ಯ ಬೆಂಕಿ ಊರು ಮುಟ್ಟುವ ಮೊದಲೇ ಕಿಡಿ ಬಿದ್ದು ಊರೊಳಗೆ ಅಲ್ಲಲ್ಲಿ ಹೊತ್ತಿಕೊಂಡಿತ್ತು. ಆ ದಿನದ ಲೆಕ್ಕವನ್ನು ಅಮೆರಿಕ ಸರ್ಕಾರದ ಅಳತೆ, ಮಾನದಂಡಗಳ ಸಂಸ್ಥೆಯಾದ ಎನ್‌ಐಎಸ್‌ಟಿ ಆಮೇಲೆ ಗಳಿಗೆ ಗಳಿಗೆಯಾಗಿ ಜೋಡಿಸಿತು. ರೇಡಿಯೊ ಮಾತು, ಸಿಬ್ಬಂದಿಯ ನೆನಪು, ಫೋಟೊ, ವಿಡಿಯೊ, ಎಲ್ಲವನ್ನೂ ಬಳಸಿಕೊಂಡಿತು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 2003ರ ಜನವರಿ 18ರಂದು ಎದ್ದದ್ದು ನಿಜವಾದ ಬೆಂಕಿ ಸುಂಟರಗಾಳಿ ಎಂದು ಹೇಳಲೂ ಊರವರೊಬ್ಬರು ತೆಗೆದ ವಿಡಿಯೊ ನೆರವಾಯಿತು.

ಅಳೆಯುವುದು ಹೇಗೆ? ವಿಡಿಯೊದಲ್ಲಿ ಎರಡು ಲೈಟ್ ಕಂಬ ಕಾಣುತ್ತಿವೆ ಅಂದುಕೊಳ್ಳಿ. ಕಂಬದಿಂದ ಕಂಬಕ್ಕೆ 50 ಮೀಟರ್. ವಿಡಿಯೊ ಸೆಕೆಂಡಿಗೆ 30 ಫ್ರೇಮಿನದು. ಕಿಡಿ ಒಂದು ಕಂಬ ಬಿಟ್ಟು ಇನ್ನೊಂದು ಸೇರಲು 150 ಫ್ರೇಮ್ ಹಿಡಿಯಿತು, ಅಂದರೆ 5 ಸೆಕೆಂಡ್. ಸೆಕೆಂಡಿಗೆ 10 ಮೀಟರ್, ಗಂಟೆಗೆ 36 ಕಿಲೋಮೀಟರ್. ಸುಲಭ ಅಲ್ವಾ? ಅಲ್ಲ. ಕಿಡಿ ಕಂಬಗಳ ಸಾಲಿನಲ್ಲೇ ಹಾರಿದ್ದರೆ ಮಾತ್ರ ಈ ಲೆಕ್ಕ ಸರಿ. ಅದು ಕಂಬಕ್ಕೂ ಕ್ಯಾಮೆರಾಕ್ಕೂ ನಟ್ಟನಡುವೆ ಹಾರಿದ್ದರೆ ನಿಜವಾದ ವೇಗ ಅರ್ಧಕ್ಕೆ ಇಳಿಯುತ್ತದೆ. ಒಂದೇ ವಿಡಿಯೊ ನೋಡಿ ಕಿಡಿ ಹತ್ತಿರದ್ದೋ ದೂರದ್ದೋ ಹೇಳಲು ಆಗುವುದಿಲ್ಲ. ಬೇರೆ ಜಾಗದಿಂದ ಅದೇ ಹೊತ್ತಿಗೆ ತೆಗೆದ ಇನ್ನೊಂದು ವಿಡಿಯೊ ಸಿಕ್ಕರೆ ಎರಡೂ ನೋಟ ಕೂಡುವ ಜಾಗ ಗೊತ್ತಾಗುತ್ತದೆ.

ಆದರೆ ಅದೇ ಹೊತ್ತು ಎಂದು ಗೊತ್ತಾಗುವುದು ಹೇಗೆ? ವಾಟ್ಸಾಪಿನಲ್ಲಿ ಬಂದ ವಿಡಿಯೊದಲ್ಲಿ ತೆಗೆದ ಹೊತ್ತು, ಜಾಗದ ವಿವರ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಅಂಗಡಿ ಸಿಸಿಟಿವಿಯ ಗಡಿಯಾರವನ್ನೂ ನಂಬುವಂತಿಲ್ಲ, ಎಷ್ಟೋ ಕಡೆ ಅದನ್ನು ಯಾರೂ ಸರಿಮಾಡಿರುವುದಿಲ್ಲ. ಆಗ ನಾನು ಕಿವಿ ಕೊಡುತ್ತೇನೆ. ಮಸೀದಿಯ ಆಜಾನ್, ದೇವಸ್ಥಾನದ ಮೈಕ್, ದೂರದ ರೈಲಿನ ಹಾರ್ನ್, ಇವೆಲ್ಲ ಹೊತ್ತು ಹೇಳುತ್ತವೆ. ಅದಕ್ಕೇ ಬೆಂಕಿ ವಿಡಿಯೊಗೆ ಸಿನಿಮಾ ಹಾಡು ಸೇರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಜಾಗ ಹುಡುಕುವುದು ಅಷ್ಟು ಕಷ್ಟವಲ್ಲ. ನಮ್ಮ ಕಡೆ ಬಂಡೆಗಳ ಸಾಲು ಒಂದೊಂದು ಊರಿನಿಂದ ಒಂದೊಂದು ಥರ ಕಾಣುತ್ತದೆ.

ಇಷ್ಟೆಲ್ಲ ಮಾಡಿದರೂ ಕಿಡಿ ಎಣಿಸುವುದರಲ್ಲಿ ನನಗೆ ನಂಬಿಕೆ ಕಡಿಮೆ. ಹಗಲಲ್ಲಿ ಮಂದವಾಗಿ ಉರಿಯುವ ಚೂರುಗಳು ಹೊಗೆಯಲ್ಲಿ ಕಾಣುವುದೇ ಇಲ್ಲ. ರಾತ್ರಿ ಫೋನ್ ಹೆಚ್ಚು ಹೊತ್ತು ಬೆಳಕು ಹಿಡಿಯುವುದರಿಂದ ಸಣ್ಣ ಕಿಡಿಯೂ ಉದ್ದ ಗೆರೆಯಾಗುತ್ತದೆ, ನೋಡಿದವರು ಕೊಳ್ಳಿ ಹಾರಿತು ಅನ್ನುತ್ತಾರೆ. ಫೈಲ್ ಕುಗ್ಗಿಸಿ ಕಳಿಸಿದಾಗ ಚಿಕ್ಕ ಚುಕ್ಕಿಗಳೇ ಮೊದಲು ಅಳಿಸಿಹೋಗುತ್ತವೆ. ಜೊತೆಗೆ, ಜನ ಫೋನ್ ಎತ್ತುವುದು ಜ್ವಾಲೆ ಜೋರಾದಾಗ ಮಾತ್ರ. ನೂರು ಕಿಡಿ ಹಾರಿ ತೊಂಬತ್ತೊಂಬತ್ತು ನೆಲಕ್ಕೆ ಬಿದ್ದು ಆರಿಹೋದರೂ ಸುದ್ದಿಯಾಗುವುದು ಉಳಿದ ಒಂದು. ಅದಕ್ಕೇ ನಾನು ಹುಡುಕುವುದು ಬೇರೆಯೇ. ಮುಖ್ಯ ಬೆಂಕಿಯ ಆಚೆ, ಗಾಳಿ ಹೋಗುವ ಕಡೆ, ಹೊಸ ಹೊಗೆ ಮೊದಲು ಎಲ್ಲಿ ಎದ್ದಿತು? ಆ ಹೊತ್ತು, ಆ ದೂರ, ಇವೆರಡು ಸಿಕ್ಕರೆ ಫೈರ್ ಲೈನ್ ಎಷ್ಟು ಅಗಲ ಇರಬೇಕು ಎಂಬ ಮಾತಿಗೆ ಆಧಾರ ಸಿಕ್ಕ ಹಾಗೆ.

ಏನು ಉರಿಯುತ್ತಿದೆ ಎನ್ನುವುದೂ ಮುಖ್ಯ. ಹುಲ್ಲಿನ ಕಿಡಿ ಬೇಗ ಆರುತ್ತದೆ. ಮರದ ತೊಗಟೆ ಹಾಗಲ್ಲ. ಅಗಲವಾಗಿ, ಹಗುರವಾಗಿ ಇರುವುದರಿಂದ ನಿಧಾನ ಇಳಿಯುತ್ತದೆ, ಇಳಿಯುವಾಗಲೂ ಉರಿಯುತ್ತಿರುತ್ತದೆ. ಆಸ್ಟ್ರೇಲಿಯಾದಲ್ಲಿ ಕಿಲೋಮೀಟರ್‌ಗಟ್ಟಲೆ ದೂರ ಬೆಂಕಿ ಹೊತ್ತೊಯ್ಯುವುದು ನೀಲಗಿರಿಯ ತೊಗಟೆಯೇ. ಆ ಜಾತಿಯ ಮರವನ್ನು ಟಿಪ್ಪು ಸುಲ್ತಾನ್ 1790ರ ಸುಮಾರಿಗೆ ನಂದಿ ಬೆಟ್ಟಕ್ಕೆ ತರಿಸಿದ ಎನ್ನುತ್ತಾರೆ. ಅಲ್ಲಿಂದ ಹಬ್ಬಿದ ತಳಿ ಕೋಲಾರ, ಚಿಕ್ಕಬಳ್ಳಾಪುರದ ತೋಪುಗಳಲ್ಲಿ ತುಂಬಿತು. ಹೊಸದಾಗಿ ನೆಡಬಾರದು ಎಂದು ಸರ್ಕಾರ 2017ರಲ್ಲಿ ಹೇಳಿತು, ಆದರೆ ಮೊದಲು ನೆಟ್ಟಿದ್ದು ಎಷ್ಟೋ ಕಡೆ ಇನ್ನೂ ಇದೆ. ನಮ್ಮ ತೋಪುಗಳನ್ನು ಚಿಕ್ಕ ವಯಸ್ಸಿಗೇ ಕಡಿಯುತ್ತಾರೆ, ಆಸ್ಟ್ರೇಲಿಯಾದ ಹಳೇ ಕಾಡಿನ ದೂರವನ್ನು ಇಲ್ಲಿಗೆ ಸುಮ್ನೆ ತಂದು ಹಾಕುವ ಹಾಗಿಲ್ಲ. ಆದರೂ ತೋಪಿನ ಪಕ್ಕ ಬಣವೆ ಹಾಕಬೇಡಿ, ಡ್ರಿಪ್ ಪೈಪ್ ಸುತ್ತಿ ಇಡಬೇಡಿ ಅಂತ ರೈತರಿಗೆ ನಾನು ಹೇಳುತ್ತೇನೆ.

ಬೆಟ್ಟ ಉರಿಯುವುದು ಕಂಡರೆ ಮೊದಲು 112ಕ್ಕೋ ಅರಣ್ಯ ಇಲಾಖೆಗೋ ಫೋನ್ ಮಾಡಿ. ಆಮೇಲೆ ವಿಡಿಯೊ. ದೂರದಲ್ಲಿ, ಬೆಂಕಿ ಬರುವ ದಾರಿ ಬಿಟ್ಟು ನಿಲ್ಲಿ. ಫೋನನ್ನು ಅಡ್ಡ ಹಿಡಿದು, ಗೋಡೆಗೋ ಗಾಡಿಗೋ ಒರಗಿಸಿ ಒಂದು ನಿಮಿಷ ಅಲ್ಲಾಡಿಸದೆ ತೆಗೆಯಿರಿ. ಜೂಮ್ ಬೇಡ. ಕಂಬವೋ ಮನೆಯೋ ಚೌಕಟ್ಟಿನೊಳಗೆ ಇರಲಿ, ಗಾಳಿ ಹೋಗುವ ಕಡೆ ಜಾಸ್ತಿ ಜಾಗ ಬಿಡಿ. ಎಲ್ಲಿ ನಿಂತಿದ್ದೀರಿ, ಗಂಟೆ ಎಷ್ಟು ಅಂತ ಬಾಯಲ್ಲೇ ಹೇಳಿ. ಕಳಿಸುವಾಗ ವಿಡಿಯೊ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ. ಮೂಲ ಫೈಲನ್ನು ಫೋನಿನಿಂದ ಅಳಿಸಬೇಡಿ.