ರಷ್ಯನ್ ಅಕ್ಷರಗಳನ್ನು ಕನ್ನಡದ ಕಿವಿಯಿಂದ ಕಲಿಯೋಣ

ರಷ್ಯನ್ ಶುರು ಮಾಡಿದ ಮೊದಲ ವಾರ ನಾನು ಎಲ್ಲ ಉಚ್ಚಾರಣೆಯನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡೆ. ಎರಡನೇ ವಾರ ಆ ಹಾಳೆಗಳನ್ನು ಬದಿಗಿಟ್ಟು ಮತ್ತೆ ಕನ್ನಡದಲ್ಲಿ ಬರೆದೆ. ಇಂಗ್ಲಿಷಿನ 'ಟಿ' ಬರೆದರೆ ಅದು ತ ಅಂತಲೋ ಟ ಅಂತಲೋ ತಿಳಿಯುವುದಿಲ್ಲ. ಕನ್ನಡದಲ್ಲಿ ಆ ಗೊಂದಲವೇ ಇಲ್ಲ. ರಷ್ಯನ್ ಸದ್ದುಗಳಿಗೆ ಇಂಗ್ಲಿಷಿಗಿಂತ ಕನ್ನಡ ಎಷ್ಟೋ ಕಡೆ ಹತ್ತಿರ ಇದೆ. ಈ ಟಿಪ್ಪಣಿ ಆ ನೋಟ್‌ಬುಕ್ಕಿನಿಂದ ಬಂದದ್ದು.

ಓದುವಾಗ ರಷ್ಯನ್ ಅಕ್ಷರಮಾಲೆಯ ಒಂದು ಪಟ್ಟಿ ಪಕ್ಕದಲ್ಲಿರಲಿ. ನಾನು ಅಕ್ಷರದ ಆಕಾರ ಮತ್ತು ಸದ್ದು ಹೇಳುತ್ತೇನೆ, ನೀವು ಪಟ್ಟಿಯಲ್ಲಿ ಹುಡುಕಿ ಅದರ ಮೇಲೆ ಬೆರಳಿಡಿ. ಹುಡುಕಿ ಸಿಕ್ಕಿದ ಅಕ್ಷರ ಬೇಗ ಮರೆಯುವುದಿಲ್ಲ.

ಒಟ್ಟು 33 ಅಕ್ಷರ. ಅದರಲ್ಲಿ 10 ಸ್ವರ, 21 ವ್ಯಂಜನ. ಉಳಿದ ಎರಡು ಬರೀ ಗುರುತುಗಳು, ಅವಕ್ಕೆ ಸ್ವಂತ ಸದ್ದಿಲ್ಲ. ಲಿಪಿಯ ಹೆಸರು ಸಿರಿಲಿಕ್. 9ನೇ ಶತಮಾನದ ಸಿರಿಲ್ ಎಂಬ ಧರ್ಮಗುರುವಿನ ಹೆಸರು ಇದಕ್ಕೆ ಬಂದಿದೆ. ಆದರೆ ಸಿರಿಲ್ ಮತ್ತು ಅವರ ಅಣ್ಣ ಮೆಥೋಡಿಯಸ್ ರೂಪಿಸಿದ್ದು ಗ್ಲಾಗೊಲಿಟಿಕ್ ಎಂಬ ಬೇರೆ ಲಿಪಿ. ಈಗ ನಾವು ಕಲಿಯುತ್ತಿರುವುದು ಅವರ ಶಿಷ್ಯರ ಕಾಲದಲ್ಲಿ, ಬಲ್ಗೇರಿಯಾದಲ್ಲಿ, ಗ್ರೀಕ್ ಅಕ್ಷರಗಳ ಆಧಾರದ ಮೇಲೆ ಬೆಳೆದದ್ದು. ಮುಂದೆ 1708ರ ಸುಮಾರಿಗೆ ಪೀಟರ್ ದೊರೆ ಅಚ್ಚಿನ ಅಕ್ಷರಗಳ ಆಕಾರವನ್ನು ಲ್ಯಾಟಿನ್ ಅಕ್ಷರಗಳ ಕಡೆಗೆ ತಿರುಗಿಸಿದ. ಹಾಗಾಗಿಯೇ ಇಂಗ್ಲಿಷ್ ಓದಿದ ಕಣ್ಣಿಗೆ ಇದು ಅರ್ಧ ಗೊತ್ತಿರುವ ಲಿಪಿಯಂತೆ ಕಾಣುತ್ತದೆ. ತೊಂದರೆಯೂ ಅಲ್ಲೇ ಇರುವುದು.

ಕಣ್ಣಿಗೆ ಮೋಸ ಮಾಡುವ ಆರು ಅಕ್ಷರ

ಇಂಗ್ಲಿಷಿನ ಎ, ಕೆ, ಎಂ, ಓ, ಟಿ ಆಕಾರದ ಅಕ್ಷರಗಳು ಇಲ್ಲಿಯೂ ಅ, ಕ, ಮ, ಒ, ತ. ಇವನ್ನು ಒಂದು ಸಲ ನೋಡಿ ಮುಂದೆ ಹೋಗಿ.

ಆರು ಅಕ್ಷರಗಳ ಮೇಲೆ ಮಾತ್ರ ಜಾಸ್ತಿ ಸಮಯ ಕೊಡಿ. 'ಬಿ' ಆಕಾರ ಕಂಡರೆ ವ. 'ಹೆಚ್' ಆಕಾರ ಕಂಡರೆ ನ. 'ಪಿ' ಆಕಾರ ರ. 'ಸಿ' ಆಕಾರ ಸ. 'ವೈ' ಆಕಾರ ಉ. 'ಎಕ್ಸ್' ಆಕಾರ ಗಂಟಲಿನ ಹತ್ತಿರ ಉಜ್ಜಿ ಬರುವ ಖ಼. ಗಗಾರಿನ್ ಅವರ ಹೆಲ್ಮೆಟ್ಟಿನ ಚಿತ್ರ ನೋಡಿದ್ದೀರಲ್ವಾ? ಅಲ್ಲಿ ಬರೆದದ್ದನ್ನು ನಮ್ಮಲ್ಲಿ ಎಷ್ಟೋ ಜನ 'ಸಿಸಿಸಿಪಿ' ಎಂದು ಓದಿದ್ದೇವೆ. ಅದು ಮೂರು ಸ, ಒಂದು ರ. 'ಎಸ್ ಎಸ್ ಎಸ್ ಎರ್', ಅಂದರೆ ಸೋವಿಯತ್ ಒಕ್ಕೂಟದ ರಷ್ಯನ್ ಹೆಸರಿನ ಮೊದಲಕ್ಷರಗಳು. ಊಟದ ಜಾಗದ ಬೋರ್ಡಿನ ಮೇಲೆ ಇಂಗ್ಲಿಷ್ ಕಣ್ಣಿಗೆ 'ಪೆಕ್ಟೋಪಾ' ಅಂತ ಕಾಣುವುದು 'ರಿಸ್ತರಾನ್', ರೆಸ್ಟೋರೆಂಟ್. ಈ ಎರಡು ಪದಗಳನ್ನು ಹತ್ತು ಸಲ ಬರೆದರೆ ಮೋಸದ ಅಕ್ಷರಗಳಲ್ಲಿ ಮೂರು ಕೈಗೆ ಕೂತುಬಿಡುತ್ತವೆ.

ಇನ್ನೊಂದು ಗುಂಪು ನಮಗೆ ಗಣಿತ, ವಿಜ್ಞಾನದ ತರಗತಿಯಲ್ಲೇ ಪರಿಚಯ. ಪೈ ಆಕಾರ ಪ, ಗಾಮಾ ಆಕಾರ ಗ, ಡೆಲ್ಟಾಕ್ಕೆ ಎರಡು ಕಾಲು ಬಂದಂತಿರುವುದು ದ, ಲ್ಯಾಂಬ್ಡಾ ಆಕಾರ ಲ, ಫೈ ಆಕಾರ ಫ಼. ಗ್ರೀಕ್ ನೆಂಟಸ್ತಿಕೆಯ ಲಾಭ ಇದು.

ಮಿಕ್ಕವು ಹೊಸವು. ಅಂಕಿ 3ರ ಹಾಗಿರುವುದು ಜ಼. ಅಂಕಿ 4ರ ಹಾಗಿರುವುದು ಚ. 'ಎನ್' ಕನ್ನಡಿಯಲ್ಲಿ ತಿರುಗಿದರೆ ಇ, 'ಆರ್' ತಿರುಗಿದರೆ ಯಾ. ಆರು ಕಾಲಿನ ಹುಳದ ಹಾಗಿರುವ ಅಕ್ಷರಕ್ಕೆ ನಮ್ಮಲ್ಲಿ ಸದ್ದೇ ಇಲ್ಲ. ಅದನ್ನು ಝ಼ ಎಂದು ಬರೆದುಕೊಳ್ಳುತ್ತೇನೆ. ರಷ್ಯನ್ನಿನಲ್ಲಿ ಜೀರುಂಡೆಗೆ 'ಝ಼ೂಕ್' ಎನ್ನುತ್ತಾರೆ. ಆ ಪದದ ಮೊದಲಕ್ಷರ ಇದೇ. ಆಕಾರವೂ ಸದ್ದೂ ಒಟ್ಟಿಗೆ ನೆನಪಿರುತ್ತದೆ.

ಶಾಲೆಯಲ್ಲಿ ಕಲಿತ ಶ ಮತ್ತು ಷ

ಮೊದಲು ತ ಮತ್ತು ದ. ರಷ್ಯನ್ನಿನಲ್ಲಿ ಟ, ಡ ಇಲ್ಲವೇ ಇಲ್ಲ. ನಾಲಿಗೆ ಹಲ್ಲಿಗೇ ತಾಗಬೇಕು. ನಮ್ಮ ಪತ್ರಿಕೆಗಳು ಇಂಗ್ಲಿಷಿನ ದಾರಿ ಹಿಡಿದು 'ಸ್ಪುಟ್ನಿಕ್' ಎಂದು ಬರೆದವು. ರಷ್ಯನ್ನರ ಬಾಯಲ್ಲಿ ಅದು 'ಸ್ಪೂತ್ನಿಕ್', ಜೊತೆಗೆ ದಾರಿ ನಡೆಯುವವನು ಎಂದರ್ಥ. ಉಪಗ್ರಹಕ್ಕೂ ಅದೇ ಪದ. ಬೆಂಗಳೂರಿನ ಪೀಣ್ಯದಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿದ ನಮ್ಮ ಆರ್ಯಭಟವೂ ಅವರಿಗೆ ಒಂದು ಸ್ಪೂತ್ನಿಕ್ಕೇ. ಪ, ತ, ಕ ಹೇಳುವಾಗ ಇಂಗ್ಲಿಷಿನವರ ಹಾಗೆ ಉಸಿರು ಸೇರಿಸುವುದೂ ಬೇಡ. ಕನ್ನಡದ ಅಲ್ಪಪ್ರಾಣವೇ ಸರಿ. ರ ಕೂಡ ನಮ್ಮ ಹಾಗೇ ನಾಲಿಗೆ ತುದಿ ಅದುರಿ ಬರುತ್ತದೆ.

ಈಗ ಶ, ಷ. ಮಾತಿನಲ್ಲಿ ಈ ಎರಡನ್ನೂ ನಾವು ಹೆಚ್ಚಾಗಿ ಒಂದೇ ಮಾಡಿಬಿಡುತ್ತೇವೆ. ಮೇಷ್ಟ್ರು ತಿದ್ದಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಮೂರು ಹಲ್ಲಿನ ಬಾಚಣಿಗೆಯಂತಿರುವ ಅಕ್ಷರ ನಮ್ಮ ಷಕ್ಕೆ ಹತ್ತಿರ: ನಾಲಿಗೆ ಸ್ವಲ್ಪ ಹಿಂದಕ್ಕೆ, ಸದ್ದು ಗಟ್ಟಿ. ಅದೇ ಬಾಚಣಿಗೆಗೆ ಬಲಗಡೆ ಕೆಳಗೆ ಚಿಕ್ಕ ಬಾಲ ಬಂದರೆ ಅದು ಎಳೆದು ಹೇಳುವ ಶ್ಶ. ಇಂಗ್ಲಿಷ್ ಪುಸ್ತಕಗಳು ಈ ಒಂದು ಅಕ್ಷರಕ್ಕೆ ನಾಲ್ಕು ಅಕ್ಷರ ಸೇರಿಸಿ 'ಶ್ಚ' ಎಂದು ಬರೆಯುತ್ತವೆ. ಅದನ್ನು ನೋಡಿ ನಾವು ಸೋವಿಯತ್ ನಾಯಕರೊಬ್ಬರ ಹೆಸರನ್ನು 'ಕ್ರುಶ್ಚೇವ್' ಎಂದೆವು. ನಿಜವಾದ ಉಚ್ಚಾರ 'ಖ಼್ರುಶ್ಶೋಫ಼್'.

ಝ಼ ಬೇಕಾದರೆ ಉದ್ದವಾಗಿ 'ಷ್‌ಷ್‌ಷ್' ಎನ್ನಿ. ಗಂಟಲಿನ ಮೇಲೆ ಬೆರಳಿಡಿ, ನಾಲಿಗೆ ಕದಲಿಸದೆ ಗಂಟಲಿನಲ್ಲಿ ದನಿ ಸೇರಿಸಿ. ಬೆರಳಿಗೆ ಅದುರು ಸಿಕ್ಕಿದರೆ ಅದೇ ಝ಼. ಖ಼ ಮಹಾಪ್ರಾಣದ ಖ ಅಲ್ಲ, ಹ ಕೂಡ ಅಲ್ಲ. ಕಲಬುರಗಿ, ಬೀದರ್ ಕಡೆ ಉರ್ದು ಕೇಳಿ ಬೆಳೆದವರಿಗೆ 'ಖ಼ಬರ್' ಪದದಲ್ಲಿ ಈ ಸದ್ದು ಗೊತ್ತೇ ಇದೆ. ಲ ಹೇಳುವಾಗ ಒಂದು ಎಚ್ಚರಿಕೆ: ಗಟ್ಟಿ ಲ ಕೇಳಿದಾಗ ನಮ್ಮ ನಾಲಿಗೆ ತಾನಾಗಿ ಳ ಕಡೆ ಹೋಗುತ್ತದೆ. ಬೇಡ. ತುದಿ ಹಲ್ಲಿನ ಹಿಂದೆಯೇ ಇರಲಿ, ನಾಲಿಗೆಯ ಹಿಂಭಾಗ ಮಾತ್ರ ಮೇಲೇಳಲಿ.

ಸ್ವರಗಳಲ್ಲಿ ಕಷ್ಟದ್ದು ಒಂದೇ. ಇಂಗ್ಲಿಷಿನ ಚಿಕ್ಕ 'ಬಿ'ಯ ಪಕ್ಕ ಒಂದು ಕಡ್ಡಿ ನಿಲ್ಲಿಸಿದಂತಿರುವ ಅಕ್ಷರ ಅದು. ಉ ಎನ್ನಿ. ನಾಲಿಗೆ ಅಲ್ಲೇ ಇರಲಿ. ತುಟಿಯನ್ನು ಮಾತ್ರ ಈ ಹೇಳುವಾಗಿನಂತೆ ಅಗಲ ಮಾಡಿ. ಬರುವ ಸದ್ದು ಇಯೂ ಅಲ್ಲ, ಉವೂ ಅಲ್ಲ. ತುಳು ಮಾತಾಡುವವರಿಗೆ ಪದದ ಕೊನೆಯಲ್ಲಿ ತುಟಿ ದುಂಡಗೆ ಮಾಡದೆ ಹೇಳುವ ಉಕಾರ ರೂಢಿಯಲ್ಲಿದೆ. ಕೊಡವ ಭಾಷೆಯಲ್ಲೂ ಇಂಥ ಸ್ವರ ಇದೆ. ಅವರು ಇದನ್ನು ನಮಗಿಂತ ಬೇಗ ಹಿಡಿಯುತ್ತಾರೆ, ಅಂಥ ಸ್ನೇಹಿತರಿದ್ದರೆ ಅವರ ಬಾಯಿ ನೋಡಿ ಕಲಿಯಿರಿ. ಈ ಸ್ವರ ಹಾಕಿ 'ಮಿಷ್ಕ' ಎಂದರೆ ಇಲಿಮರಿ. ಸಾದಾ ಇ ಹಾಕಿದರೆ ಕರಡಿಮರಿ!

ಗಟ್ಟಿ ಮತ್ತು ಮೆದು

ರಷ್ಯನ್ ಉಚ್ಚಾರಣೆಯ ಜೀವಾಳ ಇದು. ಇಲ್ಲಿ ಎಷ್ಟು ದಿನ ನಿಂತರೂ ನಷ್ಟವಿಲ್ಲ.

ಹೆಚ್ಚಿನ ವ್ಯಂಜನಗಳಿಗೆ ಎರಡು ರೂಪ ಇದೆ, ಗಟ್ಟಿ ಮತ್ತು ಮೆದು. ಅಕ್ಷರ ಮಾತ್ರ ಒಂದೇ. ಹಾಗಾದರೆ ಯಾವುದು ಅಂತ ತಿಳಿಯುವುದು ಹೇಗೆ? ಮುಂದೆ ಬರುವ ಸ್ವರ ನೋಡಬೇಕು. ಸ್ವರಗಳು ಜೋಡಿಯಾಗಿವೆ: ಅ–ಯ, ಎ–ಯೆ, ಒ–ಯೊ, ಉ–ಯು, ಮತ್ತು ಈಗ ತಾನೇ ಹೇಳಿದ ಕಷ್ಟದ ಸ್ವರ–ಇ. ಜೋಡಿಯ ಮೊದಲನೆಯದು ಬಂದರೆ ಹಿಂದಿನ ವ್ಯಂಜನ ಗಟ್ಟಿ, ಎರಡನೆಯದು ಬಂದರೆ ಮೆದು. ಕನ್ನಡದಲ್ಲಿ ಸ್ವರ ಕಾಗುಣಿತವಾಗಿ ವ್ಯಂಜನದ ಮೈಗೇ ಅಂಟಿಕೊಳ್ಳುತ್ತದೆ. ರಷ್ಯನ್ನಿನಲ್ಲಿ ಸ್ವರ ಬೇರೆಯೇ ನಿಂತು ಹಿಂದಿನವನ ಸ್ವಭಾವ ಹೇಳುತ್ತದೆ. ಹಾಗಾಗಿ ಒಂದೊಂದೇ ಅಕ್ಷರ ಕೂಡಿಸಿ ಓದಬೇಡಿ. ವ್ಯಂಜನ, ಸ್ವರ ಎರಡನ್ನೂ ಒಟ್ಟಿಗೆ ನೋಡಿ, ನಮ್ಮ ಕಾಗುಣಿತದ ಹಾಗೆ ಒಂದೇ ಉಸಿರಿಗೆ ಓದಿ.

ಮೆದು ಎಂದರೆ ಯ ಒತ್ತು ಕೊಡುವುದು ಅಂತ ನಾನು ಮೊದಲು ತಿಳಿದಿದ್ದೆ. ಪೂರ್ತಿ ಸರಿಯಲ್ಲ. 'ನ್ಯಾಯ'ದಲ್ಲಿ ನ ಮತ್ತು ಯ ಎರಡು ಸದ್ದು. ಮೆದು ನ ಒಂದೇ ಸದ್ದು. 'ಮಂಚ' ಎನ್ನಿ. ಚ ಬರುವ ಮೊದಲೇ ನಿಲ್ಲಿಸಿ. ನಾಲಿಗೆಯ ನಡುಭಾಗ ಅಂಗುಳಕ್ಕೆ ಅಂಟಿದೆ ಅಲ್ವಾ? ಅದು ನಮ್ಮ ಞ, ರಷ್ಯನ್ನಿನ ಮೆದು ನ ಅದರ ಪಕ್ಕದ ಮನೆಯದು. ಉಳಿದ ವ್ಯಂಜನಕ್ಕೂ ಇದೇ ಉಪಾಯ. ಇ ಹೇಳಲು ಹೊರಟ ನಾಲಿಗೆಯಲ್ಲೇ ತ, ಲ, ಸ ಹೇಳಿ ನೋಡಿ.

ಪದದ ಕೊನೆಯಲ್ಲಿ ಸ್ವರವಿಲ್ಲದಿದ್ದರೆ? ಅದಕ್ಕೇ ಚಿಕ್ಕ 'ಬಿ'ಯಂಥ ಮೆದು ಗುರುತು. 'ಬ್ರಾತ್' ಅಂದರೆ ಸಹೋದರ, ಅದಕ್ಕೆ ಮೆದು ಗುರುತು ಸೇರಿದರೆ 'ತೆಗೆದುಕೊಳ್ಳುವುದು'. 'ಊಗಲ್' ಮೂಲೆ, ಕೊನೆಯ ಲ ಮೆದುವಾದರೆ ಇದ್ದಿಲು. ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಮೆದು ರ. ಜನವರಿಗೆ ಹೇಳುವ 'ಯಿನ್ವಾರ್' ಪದದ ಕೊನೆಯಲ್ಲಿ ಅದು ಬರುತ್ತದೆ. ದಿನಾ ಹೇಳುತ್ತಾ ಇದ್ದರೆ ತಿಂಗಳಲ್ಲಿ ಸಡಿಲವಾಗುತ್ತದೆ.

ಇನ್ನೊಂದು ಗುರುತು, ಗಟ್ಟಿ ಗುರುತು, ನಡುವೆ ಗೋಡೆ ಕಟ್ಟುತ್ತದೆ. 'ಸ್ಯೆಲ್' ಎಂದರೆ ಕುಳಿತ. ಗುರುತು ಹಾಕಿ 'ಸ್–ಯೆಲ್' ಎಂದರೆ ತಿಂದ. 1918ರ ತನಕ ಇದನ್ನು ಗಟ್ಟಿ ವ್ಯಂಜನದಿಂದ ಮುಗಿಯುವ ಪ್ರತಿ ಪದದ ಕೊನೆಗೂ ಬರೆಯುತ್ತಿದ್ದರು. ಆ ವರ್ಷದ ಸುಧಾರಣೆ ಅದನ್ನು ಕೈಬಿಟ್ಟಿತು.

ಕನ್ನಡದವರಿಗೊಂದು ಕಿವಿಮಾತು. ನಾವು ಎಲ್ಲಿ, ಎಷ್ಟು ಎಂಬುದನ್ನು 'ಯೆಲ್ಲಿ', 'ಯೆಷ್ಟು' ಎನ್ನುತ್ತೇವೆ. ಹಾಗಾಗಿ ರಷ್ಯನ್ ಯೆ ನಮಗೆ ಸಲೀಸು. ಆದರೆ 'ಇದು' ಎನ್ನುವ 'ಎತ' ಪದದಲ್ಲಿ ಶುದ್ಧ ಎ ಬೇಕು. ಅಲ್ಲಿ 'ಯೆತ' ಎಂದು ಬಾಯಿ ಜಾರುತ್ತದೆ.

ಬರೆಯುವುದೊಂದು, ಹೇಳುವುದೊಂದು

ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ರಷ್ಯನ್ನಿನಲ್ಲಿ ಅದು ಪೂರ್ತಿ ನಡೆಯುವುದಿಲ್ಲ. ಪ್ರತಿ ಪದದಲ್ಲೂ ಒಂದು ಸ್ವರವನ್ನು ಒತ್ತಿ ಹೇಳುತ್ತಾರೆ, ಇಲ್ಲಿ ಒತ್ತು ಎಂದರೆ ಅದು, ಒತ್ತಕ್ಷರ ಅಲ್ಲ. ಆ ಸ್ವರ ಸ್ಪಷ್ಟ, ನಮ್ಮ ಕಿವಿಗೆ ದೀರ್ಘವಾಗಿಯೇ ಕೇಳುತ್ತದೆ. ಉಳಿದವು ಸೊರಗುತ್ತವೆ. ಒತ್ತಿಲ್ಲದ ಒ ಅಕಾರದಂತೆ ಆಗುತ್ತದೆ. ಹಾಲಿಗೆ ಬರೆಯುವುದು 'ಮೊಲೊಕೊ', ಹೇಳುವುದು 'ಮಲಕೋ'. ರಾಜಧಾನಿಗೆ ಬರೆಯುವುದು 'ಮೊಸ್ಕ್ವಾ', ಹೇಳುವುದು 'ಮಸ್ಕ್ವಾ'. ಒತ್ತಿಲ್ಲದ ಯೆ ಹೆಚ್ಚುಕಡಿಮೆ ಇ ಆಗುತ್ತದೆ. ನದಿಗೆ 'ರೆಕಾ' ಬರೆದು 'ರಿಕಾ' ಎನ್ನುತ್ತಾರೆ.

ಒತ್ತು ಎಲ್ಲಿ ಬೀಳುತ್ತದೆ ಎಂದು ಪುಸ್ತಕ, ಪತ್ರಿಕೆಗಳಲ್ಲಿ ಗುರುತು ಹಾಕುವುದಿಲ್ಲ, ನಿಘಂಟಿನಲ್ಲಿ ಹಾಕುತ್ತಾರೆ. ಒತ್ತು ಬದಲಾದರೆ ಅರ್ಥವೂ ಬದಲಾಗಬಹುದು. 'ಮೂಕ' ಯಾತನೆ, 'ಮುಕಾ' ಹಿಟ್ಟು. ಹೊಸ ಪದ ಬರೆದುಕೊಳ್ಳುವಾಗಲೇ ಒತ್ತಿನ ಗುರುತನ್ನೂ ಹಾಕಿ. ಆಮೇಲೆ ಹಾಕಿದರಾಯಿತು ಎಂದುಕೊಂಡರೆ ತಪ್ಪು ಒತ್ತು ಬಾಯಿಗೆ ಕೂತುಬಿಡುತ್ತದೆ, ಬಿಡಿಸುವುದು ಕಷ್ಟ.

ಯೊ ಮೇಲೆ ಎರಡು ಚುಕ್ಕಿ ಇರುತ್ತವೆ, ಒತ್ತು ಯಾವಾಗಲೂ ಅದರ ಮೇಲೇ ಎಂದುಕೊಳ್ಳಬಹುದು. ಆದರೆ ಅಚ್ಚಿನಲ್ಲಿ ಆ ಚುಕ್ಕಿಗಳನ್ನು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಆಗ ಅದು ಯೆ ಹಾಗೇ ಕಾಣುತ್ತದೆ. ನಮ್ಮ 'ಗೋರ್ಬಚೇವ್' ಹುಟ್ಟಿದ್ದು ಹೀಗೆ. ಅವರ ಹೆಸರು 'ಗರ್ಬಚೋಫ಼್'.

ಕೊನೆಯ ಫ಼ ಎಲ್ಲಿಂದ ಬಂತು? ಬರೆದಿರುವುದು ವ. ಪದದ ಕೊನೆಯಲ್ಲಿ ಗ, ದ, ಬ, ಜ಼, ವ ಬಂದರೆ ಅವು ಕ, ತ, ಪ, ಸ, ಫ಼ ಆಗುತ್ತವೆ. ಗೆಳೆಯ 'ದ್ರೂಕ್', ಬರೆಯುವುದು ಗ. ಬ್ರೆಡ್ 'ಖ಼್ಲ್ಯೆಪ್', ಬರೆಯುವುದು ಬ. ರಾಕೇಶ್ ಶರ್ಮಾ ಹೋದ ನೌಕೆ 'ಸಯೂಸ್', ಬರೆಯುವುದು ಜ಼. ಕೊನೆಗೆ ಉ ಸೇರಿಸಬೇಡಿ. ಬಸ್ಸು, ಕಾರು ಎಂದು ರೂಢಿಯಾದ ಬಾಯಿಗೆ ಇದು ಬೇಕಾದ ಎಚ್ಚರ.

ಪದದ ನಡುವೆಯೂ ಪಕ್ಕದ ವ್ಯಂಜನ ನೋಡಿಕೊಂಡು ಬಣ್ಣ ಬದಲಾಗುತ್ತದೆ. ಇದನ್ನು ಓದಿದಾಗ ನನಗೆ ಹೈಸ್ಕೂಲಿನ ಜಶ್ತ್ವ ಸಂಧಿ ನೆನಪಾಯಿತು. ಸತ್ + ಭಾವ = ಸದ್ಭಾವ. ಭ ಪಕ್ಕ ಬಂದದ್ದಕ್ಕೆ ತ ಹೋಗಿ ದ ಆಯಿತು. ರಷ್ಯನ್ನಿನಲ್ಲಿ 'ಫ಼ುತ್‌ಬೋಲ್' ಎಂದು ಬರೆದು 'ಫ಼ುದ್‌ಬೋಲ್' ಎನ್ನುತ್ತಾರೆ. ಅದೇ ಸಂಧಿ! ರೈಲು ನಿಲ್ದಾಣಕ್ಕೆ 'ವೊಕ್‌ಜ಼ಾಲ್' ಬರೆದು 'ವಗ್‌ಜ಼ಾಲ್' ಎನ್ನುವುದೂ ಹಾಗೆಯೇ. ವ್ಯತ್ಯಾಸ ಒಂದೇ. ನಾವು ಸಂಧಿಯಾದ ಮೇಲಿನ ರೂಪ ಬರೆಯುತ್ತೇವೆ, ಅವರು ಬಿಡಿಸಿದ ರೂಪವನ್ನೇ ಬರೆದು ಸಂಧಿಯನ್ನು ನಾಲಿಗೆಗೆ ಬಿಡುತ್ತಾರೆ. ಇಷ್ಟು ಹೊಳೆದ ಮೇಲೆ ಆ ನಿಯಮ ನನಗೆ ಹೊರೆ ಅನಿಸಲಿಲ್ಲ.

ಕೆಲವನ್ನು ಸುಮ್ನೆ ಬಾಯಿಪಾಠ ಮಾಡಬೇಕು. 'ಏನು' ಎನ್ನುವುದಕ್ಕೆ ಚ ಬರೆದು 'ಷ್ತೋ' ಎನ್ನುತ್ತಾರೆ. 'ಇವತ್ತು' ಪದದಲ್ಲಿ ಗ ಬರೆದು 'ಸಿವೋದ್ನ್ಯ' ಎನ್ನುತ್ತಾರೆ.

ಕೈಬರಹ

ಅಚ್ಚಿನ ಅಕ್ಷರ ಸಲೀಸಾಗಿ ಓದಲು ಬಂದ ಮೇಲೆಯೇ ಕೂಡಕ್ಷರಕ್ಕೆ ಹೋಗಿ. ಎರಡನ್ನೂ ಒಟ್ಟಿಗೆ ಹಿಡಿದರೆ ಕಲಸಿಹೋಗುತ್ತದೆ. ಕೈಬರಹದಲ್ಲಿ ತ ಇಂಗ್ಲಿಷಿನ ಚಿಕ್ಕ 'ಎಂ' ಆಗುತ್ತದೆ, ಪ 'ಎನ್' ಆಗುತ್ತದೆ, ದ 'ಜಿ' ಆಗುತ್ತದೆ, ಇ 'ಯು' ಆಗುತ್ತದೆ. ಇ, ಷ, ಲ, ಮ ಸಾಲಾಗಿ ಬಂದರೆ ಒಂದೇ ಅಲೆ ಎಳೆದಂತೆ ಕಾಣುತ್ತದೆ. ಅದಕ್ಕೇ ಹಲವರು ತ ಮೇಲೆ ಒಂದು ಗೆರೆ, ಷ ಕೆಳಗೆ ಒಂದು ಗೆರೆ ಹಾಕುವ ರೂಢಿ ಇಟ್ಟುಕೊಂಡಿದ್ದಾರೆ. ನೀವೂ ಹಾಕಿ.

ಅಭ್ಯಾಸಕ್ಕೆ ನಾನು ಆರಿಸಿಕೊಂಡ ಪದ 'ತಿಷಿನಾ'. ನಿಶ್ಶಬ್ದ ಎಂದರ್ಥ. ತ, ಇ, ಷ, ಇ ಸಾಲಾಗಿ ಬರುವುದರಿಂದ ಕೂಡಕ್ಷರದಲ್ಲಿ ಮೊದಲು ಬರೀ ಅಲೆ ಕಾಣುತ್ತದೆ, ಎರಡು ಗೆರೆ ಹಾಕಿದ ಕೂಡಲೇ ಬಿಡಿಸಿಕೊಳ್ಳುತ್ತದೆ. ಹೇಳುವಾಗ ತಿ ಮೆದು. ಷ ಎಂದಿಗೂ ಮೆದುವಾಗುವುದಿಲ್ಲ, ಹಾಗಾಗಿ ಅದರ ಮುಂದೆ ಇ ಬರೆದಿದ್ದರೂ ಬರುವುದು ಆ ಕಷ್ಟದ ಸ್ವರ. ಒತ್ತು ಕೊನೆಯ 'ನಾ' ಮೇಲೆ.