ಜಲಜನಕ ಅವಿತುಕೊಳ್ಳುವ ಜಾಗಗಳು

1979ರ ಮಾರ್ಚ್ 28ರ ಮಧ್ಯಾಹ್ನ, ಎರಡು ಗಂಟೆಗೆ ಇನ್ನೂ ಹತ್ತು ನಿಮಿಷ ಬಾಕಿ ಇತ್ತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದ ನಿಯಂತ್ರಣ ಕೊಠಡಿಯಲ್ಲಿ ಒತ್ತಡದ ಗೆರೆ ಒಮ್ಮೆಲೇ ಮೇಲಕ್ಕೆ ನೆಗೆದು ಅಷ್ಟೇ ಬೇಗ ಇಳಿಯಿತು. ಉಪಕರಣದ ವಿದ್ಯುತ್ ದೋಷವಿರಬೇಕೆಂದು ಅದನ್ನು ಅಲ್ಲಿಗೇ ಬಿಟ್ಟರು. ಅದು ದೋಷವಾಗಿರಲಿಲ್ಲ. ರಿಯಾಕ್ಟರನ್ನು ಸುತ್ತುವರಿದ ಕಾಂಕ್ರೀಟ್ ಕವಚದೊಳಗೆ ಜಲಜನಕ ಹೊತ್ತಿ ಉರಿದಿತ್ತು. ಕವಚ ಗಟ್ಟಿಯಾಗಿದ್ದುದರಿಂದ ತಡೆದುಕೊಂಡಿತು.

ಜಲಜನಕ ಅಲ್ಲಿಗೆ ಬಂದದ್ದು ಇಂಧನದ ಹೊದಿಕೆಯಿಂದ. ಯುರೇನಿಯಂ ಬಿಲ್ಲೆಗಳನ್ನು ತುಂಬಿಡುವ ಕೊಳವೆಗಳು ಜಿರ್ಕೋನಿಯಂ ಮಿಶ್ರಲೋಹದವು. ರಿಯಾಕ್ಟರನ್ನು ನಿಲ್ಲಿಸಿದ ಮೇಲೂ ಇಂಧನ ಬಿಸಿಯನ್ನು ಹೊರಸೂಸುತ್ತಲೇ ಇರುತ್ತದೆ. ತಂಪು ಮಾಡುವ ನೀರು ಬತ್ತಿ ಕೊಳವೆಗಳ ಉಷ್ಣತೆ ಸುಮಾರು 1200 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಜಿರ್ಕೋನಿಯಂ ಹಬೆಯಲ್ಲಿನ ಆಮ್ಲಜನಕವನ್ನು ಬಿರುಸಾಗಿ ಕಿತ್ತುಕೊಂಡು ಜಲಜನಕವನ್ನು ಬಿಟ್ಟುಕೊಡುತ್ತದೆ. ಈ ಕ್ರಿಯೆಯೇ ಮತ್ತಷ್ಟು ಶಾಖವನ್ನು ಹುಟ್ಟಿಸುವುದರಿಂದ ತನ್ನ ವೇಗವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಗಾಳಿಯಲ್ಲಿ ಜಲಜನಕ ಶೇ 4ರಷ್ಟಾದರೆ ಉರಿಯಬಲ್ಲದು. ಶೇ 18ರ ಆಸುಪಾಸು ದಾಟಿದರೆ ಕಟ್ಟಡವನ್ನೇ ಸೀಳುವ ಸ್ಫೋಟವಾಗಬಲ್ಲದು. ಅದಕ್ಕೆ ಬೇಕಾದ ಕಿಡಿ ಎಷ್ಟು ಚಿಕ್ಕದೆಂದರೆ, ಕಿಡಿಯನ್ನು ತಡೆಯುತ್ತೇವೆ ಎಂಬ ಭರವಸೆಯ ಮೇಲೆ ಯಾರೂ ಸುರಕ್ಷತೆಯನ್ನು ಕಟ್ಟುವುದಿಲ್ಲ.

ತ್ರೀ ಮೈಲ್ ಐಲ್ಯಾಂಡ್‌ನ ವಿಚಿತ್ರವೆಂದರೆ, ನಿಜವಾದ ಉರಿ ಮುಗಿದು ಎರಡು ದಿನಗಳಾದ ಮೇಲೆ ಭಯ ಶುರುವಾದದ್ದು. ರಿಯಾಕ್ಟರ್ ಪಾತ್ರೆಯ ಮೇಲ್ಭಾಗದಲ್ಲಿ ಜಲಜನಕದ ದೊಡ್ಡ ಗುಳ್ಳೆ ಕೂತಿತ್ತು. ವಿಕಿರಣ ನೀರನ್ನು ಒಡೆದು ಆಮ್ಲಜನಕವನ್ನೂ ಸೇರಿಸುತ್ತಿದೆ, ಪಾತ್ರೆಯೇ ಸಿಡಿಯಬಹುದು ಎಂದು ಅಣುಶಕ್ತಿ ನಿಯಂತ್ರಣ ಆಯೋಗದ ಕೆಲವರು ಲೆಕ್ಕ ಹಾಕಿದರು. ಅದೇ ಆಯೋಗದ ಇತರರು ಒಪ್ಪಲಿಲ್ಲ: ಜಲಜನಕ ಯಥೇಚ್ಛವಾಗಿ ಕರಗಿರುವ ನೀರಿನಲ್ಲಿ ಹುಟ್ಟಿದ ಆಮ್ಲಜನಕ ಕೂಡಲೇ ಮತ್ತೆ ನೀರಾಗುತ್ತದೆ, ಉಳಿಯುವುದೇ ಇಲ್ಲ. ಎರಡನೆಯವರ ಮಾತೇ ಸರಿಯಾಗಿತ್ತು. ಆದರೆ ಅದು ಖಚಿತವಾಗುವ ಹೊತ್ತಿಗೆ ದೇಶವೇ ನಡುಗಿತ್ತು. ಏಪ್ರಿಲ್ 1ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ಥಾವರಕ್ಕೆ ಬಂದರು. ಗುಳ್ಳೆಯನ್ನು ನೀರಿನ ಜೊತೆಗೆ ಸ್ವಲ್ಪ ಸ್ವಲ್ಪವಾಗಿ ಹೊರತೆಗೆದು ಕರಗಿಸಲಾಯಿತು. ಕವಚದೊಳಗಿನ ಅನಿಲವನ್ನು ಆಮ್ಲಜನಕದೊಂದಿಗೆ ಕೂಡಿಸಿ ನೀರಾಗಿಸುವ ಯಂತ್ರಗಳಿದ್ದವು. ಆದರೆ ಅವು ವಿಕಿರಣಭರಿತ ಗಾಳಿಯನ್ನು ಕವಚದಿಂದ ಹೊರಗೆಳೆಯುವ ಯಂತ್ರಗಳಾದ್ದರಿಂದ, ಚಾಲೂ ಮಾಡುವ ಮುನ್ನ ಸುತ್ತ ಸೀಸದ ಇಟ್ಟಿಗೆಗಳನ್ನು ಪೇರಿಸಬೇಕಾಯಿತು.

ಮುಂದಿನ ವರ್ಷಗಳಲ್ಲಿ ಮೂರು ದಾರಿಗಳು ತೆರೆದವು. ಕವಚ ಚಿಕ್ಕದಾಗಿರುವ ಕುದಿನೀರಿನ ರಿಯಾಕ್ಟರುಗಳಲ್ಲಿ ಮೊದಲೇ ಸಾರಜನಕ ತುಂಬಿ ಆಮ್ಲಜನಕವನ್ನೇ ಹೊರಹಾಕುವುದು. ಅಮೆರಿಕ 1981ರ ನಿಯಮದಲ್ಲಿ ಇದನ್ನು ಕಡ್ಡಾಯಗೊಳಿಸಿತು. ಎರಡನೆಯದು ಕೇಳಲು ಹುಚ್ಚಾಟದಂತಿದೆ: ಕವಚದೊಳಗೆ ಅಲ್ಲಲ್ಲಿ ಕೆಂಪಗೆ ಕಾಯುವ ಹೊತ್ತಿಸುವ ಸಾಧನಗಳನ್ನಿಟ್ಟು, ಜಲಜನಕ ಕಡಿಮೆ ಇರುವಾಗಲೇ ಬೇಕೆಂದೇ ಸುಟ್ಟುಬಿಡುವುದು. ಡೀಸೆಲ್ ಎಂಜಿನ್ನಿನ ಗ್ಲೋ ಪ್ಲಗ್ಗುಗಳನ್ನೇ ಇದಕ್ಕೆ ಬಳಸಿದರು. ಅವುಗಳಿಗೆ ವಿದ್ಯುತ್ ಬೇಕು ಎಂಬುದೇ ಕೊರತೆ. ಮೂರನೆಯದು ನನ್ನ ಮಟ್ಟಿಗೆ ಇವೆಲ್ಲದರಲ್ಲಿ ಅತ್ಯಂತ ಚೆಂದದ ಎಂಜಿನಿಯರಿಂಗ್. ಪ್ಲಾಟಿನಂ ಅಥವಾ ಪಲ್ಲಾಡಿಯಂ ಲೇಪಿಸಿದ ಫಲಕಗಳ ಪೆಟ್ಟಿಗೆಯೊಂದನ್ನು ಗೋಡೆಗೆ ತೂಗುಹಾಕುತ್ತಾರೆ. ಜಲಜನಕ ತಾಗುತ್ತಲೇ ಲೇಪದ ಮೇಲೆ ಆಮ್ಲಜನಕದೊಡನೆ ಸೇರಿ ಹಬೆಯಾಗುತ್ತದೆ. ಆ ಶಾಖಕ್ಕೆ ಗಾಳಿ ಮೇಲೇರಿ, ಕೆಳಗಿನಿಂದ ಹೊಸ ಗಾಳಿ ತಾನಾಗಿ ಒಳಬರುತ್ತದೆ. ವಿದ್ಯುತ್ ಬೇಡ, ಗುಂಡಿ ಒತ್ತುವ ಕೈಯೂ ಬೇಡ. 1990ರ ದಶಕದಿಂದ ಯುರೋಪಿನ ಹಲವು ಸ್ಥಾವರಗಳು ಇದನ್ನು ಅಳವಡಿಸಿಕೊಂಡವು. ಆದರೆ ಇದರ ಕೆಲಸ ನಿಧಾನ. ಅನಿಲ ಒಮ್ಮೆಲೇ ನುಗ್ಗಿ ಬಂದರೆ ಅಷ್ಟನ್ನೂ ಅದು ಅರಗಿಸಿಕೊಳ್ಳಲಾರದು.

ಜಪಾನಿನ ಫುಕುಶಿಮಾ ದೈಇಚಿಯ ಕವಚಗಳಲ್ಲಿ ಸಾರಜನಕವಿತ್ತು. ನಿಯಮದ ದೃಷ್ಟಿಯಿಂದ ಜಲಜನಕದ ಸಮಸ್ಯೆ ಪರಿಹಾರವಾಗಿತ್ತು. 2011ರ ಮಾರ್ಚ್ 11ರ ಸುನಾಮಿಯ ಬಳಿಕ ಒತ್ತಡ ಮಿತಿಮೀರಿದಾಗ ಅನಿಲ ಕವಚದಿಂದ ಸೋರಿ ಮೇಲಿನ ಸಾಧಾರಣ ಕಟ್ಟಡಕ್ಕೆ ಹತ್ತಿತು. ಅಲ್ಲಿದ್ದದ್ದು ಮಾಮೂಲಿ ಗಾಳಿ. 12ರ ಮಧ್ಯಾಹ್ನ 3:36ಕ್ಕೆ ಒಂದನೇ ಘಟಕದ ಕಟ್ಟಡ, 14ರ ಬೆಳಿಗ್ಗೆ 11:01ಕ್ಕೆ ಮೂರನೆಯದು ಸಿಡಿದವು. 15ರ ಬೆಳಿಗ್ಗೆ ನಾಲ್ಕನೆಯದು ಸಿಡಿದಾಗ ಎಲ್ಲರೂ ತಬ್ಬಿಬ್ಬಾದರು, ಏಕೆಂದರೆ ಅದರ ರಿಯಾಕ್ಟರಿನಲ್ಲಿ ಇಂಧನವೇ ಇರಲಿಲ್ಲ. ಮೂರು ಮತ್ತು ನಾಲ್ಕನೆಯ ಘಟಕಗಳ ನಿಷ್ಕಾಸ ಕೊಳವೆಗಳು ಒಂದೇ ಚಿಮಣಿಗೆ ಸೇರುತ್ತಿದ್ದವು. ಮೂರನೆಯದರ ಜಲಜನಕ ಆ ಹಾದಿಯಲ್ಲಿ ಹಿಮ್ಮುಖವಾಗಿ ನಾಲ್ಕನೆಯದನ್ನು ಹೊಕ್ಕಿತ್ತು. ಎರಡನೆಯ ಘಟಕದ ಕಟ್ಟಡ ಸಿಡಿಯದೆ ಉಳಿದದ್ದಕ್ಕೆ, ಒಂದನೆಯದರ ಸ್ಫೋಟದ ರಭಸಕ್ಕೆ ಅದರ ಗೋಡೆಯ ಫಲಕ ಕಳಚಿ ಗಾಳಿಗೆ ದಾರಿಯಾದದ್ದು ಕಾರಣವಿರಬೇಕೆಂದು ಹೇಳುತ್ತಾರೆ. ಐದು ಮತ್ತು ಆರನೆಯ ಘಟಕಗಳ ಛಾವಣಿಗೆ ಸಿಬ್ಬಂದಿ ತಾವೇ ರಂಧ್ರ ಕೊರೆದರು. ಕೋಟ್ಯಂತರ ವೆಚ್ಚದ ಸ್ಥಾವರದಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದು ತೂತು.

ಅನಂತರದ ನಿರ್ವಹಣೆಯಲ್ಲೂ ಒಂದು ಇಕ್ಕಟ್ಟಿದೆ. ಹಬೆ ದಟ್ಟವಾಗಿರುವವರೆಗೆ ಜಲಜನಕ ಹೊತ್ತಿಕೊಳ್ಳುವುದಿಲ್ಲ. ರಿಯಾಕ್ಟರನ್ನು ತಣಿಸಿದಷ್ಟೂ ಹಬೆ ನೀರಾಗಿ, ಉಳಿದ ಅನಿಲದಲ್ಲಿ ಜಲಜನಕದ ಪಾಲು ಏರುತ್ತದೆ. ಒತ್ತಡ ಕುಸಿದರೆ ಹೊರಗಿನ ಗಾಳಿಯೂ ಒಳನುಗ್ಗಬಹುದು. ಅಂದರೆ ತಂಪು ಮಾಡುವ ಒಳ್ಳೆಯ ಕೆಲಸವೇ ಅಪಾಯವನ್ನು ಹತ್ತಿರ ತರುತ್ತದೆ. ಹೀಗಾಗಿ 2011ರ ಏಪ್ರಿಲ್‌ನಲ್ಲಿ ಒಂದನೇ ಘಟಕದ ಕವಚಕ್ಕೆ ಹೊರಗಿನಿಂದ ಸಾರಜನಕ ಹಾಯಿಸಲು ಶುರುಮಾಡಿ, ಆಮೇಲೆ ಎರಡು ಮತ್ತು ಮೂರನೆಯ ಘಟಕಗಳಿಗೂ ವಿಸ್ತರಿಸಿದರು. ಅಷ್ಟಾದರೂ ಅದೇ ಸೆಪ್ಟೆಂಬರ್‌ನಲ್ಲಿ ಒಂದನೇ ಘಟಕದ ಕವಚಕ್ಕೆ ಸೇರಿದ ಕೊಳವೆಯೊಂದನ್ನು ಕತ್ತರಿಸುವ ಮುನ್ನ ಪರೀಕ್ಷಿಸಿದಾಗ, ಒಳಗೆ ಶೇ 60ಕ್ಕೂ ಮೀರಿ ಜಲಜನಕ ಸಿಕ್ಕಿತು. ಸಾರಜನಕದಿಂದ ತೊಳೆದ ಮೇಲೆಯೇ ಕೆಲಸ ಮುಂದುವರಿಯಿತು.

ಜಿರ್ಕೋನಿಯಂ ತಣಿದ ಮೇಲೂ ವಿಕಿರಣ ನೀರನ್ನು ಒಡೆಯುತ್ತಲೇ ಇರುತ್ತದೆ. ತ್ರೀ ಮೈಲ್ ಐಲ್ಯಾಂಡ್‌ನ ಕರಗಿದ ಇಂಧನವನ್ನು 1986ರಿಂದ 1990ರವರೆಗೆ ಐಡಾಹೊಗೆ ಸಾಗಿಸಿದ ಡಬ್ಬಿಗಳೊಳಗೂ ಜಲಜನಕವನ್ನು ನೀರಾಗಿಸುವ ವೇಗವರ್ಧಕವನ್ನು ಇಟ್ಟಿದ್ದರು. ಫುಕುಶಿಮಾದಲ್ಲಿ ಕಲುಷಿತ ನೀರನ್ನು ಶುದ್ಧೀಕರಿಸಿ ಉಳಿದ ಕೆಸರನ್ನು ತುಂಬಿದ ಪಾತ್ರೆಗಳ ಮುಚ್ಚಳದ ಮೇಲೆ 2015ರಲ್ಲಿ ನೀರು ಉಕ್ಕಿ ನಿಂತಿತ್ತು. ಕೆಸರಿನೊಳಗೆ ಸಿಕ್ಕಿಕೊಂಡ ಜಲಜನಕದ ಗುಳ್ಳೆಗಳೇ ಅದನ್ನು ಮೇಲೆತ್ತಿದ್ದವು. ಇನ್ನೂ ಸುಮಾರು 880 ಟನ್ ಕರಗಿದ ಇಂಧನದ ಅವಶೇಷ ಅಲ್ಲಿನ ಮೂರು ಘಟಕಗಳ ಒಳಗಿದೆ. ಅದನ್ನು ಹೊರತೆಗೆದು ತುಂಬುವ ಪ್ರತಿ ಡಬ್ಬಿಯಲ್ಲೂ ಅನಿಲ ಹೊರಹೋಗಲು ದಾರಿ ಬಿಡಬೇಕು, ಇಲ್ಲವೇ ಒಳಗೇ ನೀರಾಗಿಸುವ ವ್ಯವಸ್ಥೆ ಇರಬೇಕು.